ತರಗತಿಯನ್ನು ಹಿಡಿದಿಡುವುದು ಕಲಿತು ಬರುವ ವಿದ್ಯೆಯೇ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂರು ವರ್ಷಗಳಿಂದ ವಿಜ್ಞಾನ ಮತ್ತು ಗಣಿತ ಕಲಿಸುತ್ತಿದ್ದೇನೆ. ಏಳನೆಯ ತರಗತಿಯಲ್ಲಿ 26 ಮಕ್ಕಳಿದ್ದಾರೆ. ಅರ್ಧಕ್ಕಿಂತ ಹೆಚ್ಚಿನವರು ಕಾಫಿ ತೋಟದ ಲೈನ್‌ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಬರುವವರು. ಹಾಡು, ನಗೆಚಟಾಕಿ, ಮೊಬೈಲಿನಲ್ಲಿ ವಿಡಿಯೊ, ಎಲ್ಲವನ್ನೂ ಮಾಡಿ ನೋಡಿದೆ. ಆ ಹೊತ್ತಿಗೆ ನಗುತ್ತಾರೆ. ಮರುದಿನ ಕೇಳಿದರೆ ಪಾಠ ನೆನಪಿರುವುದಿಲ್ಲ, ಚಟಾಕಿ ನೆನಪಿರುತ್ತದೆ. ಮಳೆಗಾಲದಲ್ಲಂತೂ ಎಲ್ಲರ ಕಣ್ಣೂ ಕಿಟಕಿಯ ಹೊರಗೆ. ಪಕ್ಕದ ತರಗತಿಯ ಹಿರಿಯ ಶಿಕ್ಷಕರೊಬ್ಬರು ದನಿಯನ್ನೇ ಎತ್ತುವುದಿಲ್ಲ, ಆದರೂ ಮಕ್ಕಳು ಅವರ ಪಾಠದಲ್ಲಿ ಮುಳುಗಿರುತ್ತಾರೆ. ಇದು ಹುಟ್ಟಿನಿಂದ ಬರುವ ಗುಣವೇ? ಕಲಿಯಬಹುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಕಲಿಯಬಹುದು. ಶಿಕ್ಷಕರ ತರಬೇತಿಯ ಕೆಲಸದಲ್ಲಿ ಈ ಜಿಲ್ಲೆಯ ಶಾಲೆಗಳನ್ನು ಸುತ್ತಿದ ವರ್ಷಗಳಲ್ಲಿ ಹುಟ್ಟು ಪ್ರತಿಭೆಯವರೆಂದು ಕರೆಯಬಹುದಾದ ಶಿಕ್ಷಕರು ನನಗೆ ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ. ಉಳಿದ ಒಳ್ಳೆಯ ಶಿಕ್ಷಕರೆಲ್ಲ ತಪ್ಪು ಮಾಡಿ, ಅದನ್ನು ತಾವೇ ಗುರುತಿಸಿ, ತಿದ್ದಿಕೊಂಡು ಮೇಲೆ ಬಂದವರು. ನಿಮ್ಮ ಪತ್ರದಲ್ಲಿ ಅಂಥ ಗುರುತಿಸುವಿಕೆ ಆಗಲೇ ಇದೆ. ಪಾಠ ಮರೆತುಹೋಗಿ ಚಟಾಕಿ ಉಳಿಯುತ್ತದೆ ಎಂದು ಬರೆದಿದ್ದೀರಲ್ಲ, ಆ ವಾಕ್ಯವನ್ನು ಓದಿದಾಗ ನಿಮ್ಮ ಬಗ್ಗೆ ನನಗೆ ಚಿಂತೆಗಿಂತ ಭರವಸೆಯೇ ಹೆಚ್ಚಾಯಿತು. ಮಕ್ಕಳು ನಕ್ಕ ದಿನ ಪಾಠ ಗೆದ್ದಿತು ಎಂದೇ ನಂಬಿ ನಿವೃತ್ತರಾದವರನ್ನು ನಾನು ಬಲ್ಲೆ.

ಈ ನಂಬಿಕೆ ಎಷ್ಟು ಮೋಸ ಮಾಡಬಲ್ಲುದು ಎಂಬುದಕ್ಕೆ ಶಿಕ್ಷಣಶಾಸ್ತ್ರದಲ್ಲಿ ಒಂದು ಹಳೆಯ ಪ್ರಯೋಗವಿದೆ. 1970ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಒಬ್ಬ ನಟನಿಗೆ ‘ಡಾಕ್ಟರ್ ಫಾಕ್ಸ್’ ಎಂದು ಹೆಸರಿಟ್ಟು, ಗಣಿತವನ್ನು ಮನುಷ್ಯರ ವರ್ತನೆಗೆ ಅನ್ವಯಿಸುವುದರಲ್ಲಿ ಪರಿಣತನೆಂದು ಪರಿಚಯಿಸಿ, ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರಿದ್ದ ಸಭೆಯ ಮುಂದೆ ನಿಲ್ಲಿಸಿದರು. ಅವನ ಉಪನ್ಯಾಸದಲ್ಲಿ ಹುರುಳೇ ಇರಲಿಲ್ಲ. ಒಂದಕ್ಕೊಂದು ವಿರುದ್ಧವಾದ ಮಾತುಗಳು, ಅರ್ಥವಿಲ್ಲದ ದೊಡ್ಡ ಪದಗಳು ಮತ್ತು ಬೇಕಾದಷ್ಟು ಹಾಸ್ಯ ಇದ್ದವು. ಕೇಳಿದವರಲ್ಲಿ ಹೆಚ್ಚಿನವರು ಉಪನ್ಯಾಸ ಚೆನ್ನಾಗಿತ್ತೆಂದೇ ಬರೆದುಕೊಟ್ಟರು. ಓದಿದ ದೊಡ್ಡವರ ಪಾಡೇ ಹೀಗಾದರೆ, ಏಳನೆಯ ತರಗತಿಯ ಮಕ್ಕಳ ಮುಖ ಅರಳಿತೆಂಬುದನ್ನು ಕಲಿಕೆಯ ಪುರಾವೆಯಾಗಿ ಹಿಡಿಯಲು ಬರುವುದಿಲ್ಲ. 1998ರಲ್ಲಿ ಹಾರ್ಪ್ ಮತ್ತು ಮೇಯರ್ ಎಂಬ ಇಬ್ಬರು ಪ್ರಕಟಿಸಿದ ಅಧ್ಯಯನ ನಿಮ್ಮ ಅನುಭವಕ್ಕೆ ಇನ್ನೂ ಹತ್ತಿರದ್ದು. ಮಿಂಚು ಹೇಗೆ ಉಂಟಾಗುತ್ತದೆ ಎಂಬ ಪಾಠದೊಳಗೆ ಅವರು ಸಿಡಿಲು ಬಡಿದ ಘಟನೆಗಳಂಥ ರೋಚಕವಾದ, ಆದರೆ ಮೂಲ ವಿಷಯಕ್ಕೆ ಬೇಡದ ಸಂಗತಿಗಳನ್ನು ಸೇರಿಸಿ ಓದಿಸಿದಾಗ, ಓದುಗರಿಗೆ ಮುಖ್ಯ ವಿಚಾರ ಕಡಿಮೆ ನೆನಪಿತ್ತು. ಆ ರೋಚಕ ಸಂಗತಿಗಳು ಪಾಠದ ಆರಂಭದಲ್ಲಿದ್ದಾಗ ಹಾನಿ ಹೆಚ್ಚಾಗಿತ್ತು, ಕೊನೆಗೆ ಸರಿಸಿದಾಗ ಕಡಿಮೆಯಾಗಿತ್ತು. ನಾವು ಬಿ.ಎಡ್.ನಲ್ಲಿ ‘ಪೀಠಿಕೆ ಆಕರ್ಷಕವಾಗಿರಲಿ’ ಎಂದು ಹೇಳಿಸಿಕೊಂಡು, ಸಿಕ್ಕ ಕಥೆಯನ್ನೆಲ್ಲ ಮೊದಲ ಐದು ನಿಮಿಷಕ್ಕೆ ತುಂಬುತ್ತೇವೆ. ಹಾಗಾಗಿ ನಿಮ್ಮ ಚಟಾಕಿಯನ್ನು ಬಿಡಬೇಕಾಗಿಲ್ಲ, ಪಾಠದ ಕೊನೆಗೆ ಇಟ್ಟುಕೊಳ್ಳಿ.

ಹಾಗಾದರೆ ಮಕ್ಕಳ ಗಮನವನ್ನು ಹಿಡಿಯುವುದು ಯಾವುದು? ನಮ್ಮ ಜಿಲ್ಲೆಯಲ್ಲಿ ಇದರ ಉತ್ತರ ಪ್ರತಿ ಬೇಸಿಗೆಯಲ್ಲಿ ಮೈದಾನದ ಅಂಚಿನಲ್ಲಿ ಕಾಣುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾಟವನ್ನು ನೋಡಲು ಬರುವ ಹುಡುಗರನ್ನು ಗಮನಿಸಿ. ತರಗತಿಯಲ್ಲಿ ನಲವತ್ತು ನಿಮಿಷ ಕೂರಲಾರದವನು ಬಿಸಿಲಿನಲ್ಲಿ ಗಂಟೆಗಟ್ಟಲೆ ಅಲುಗಾಡದೆ ನಿಂತಿರುತ್ತಾನೆ. ಮುಂದೆ ಏನಾಗುತ್ತದೆಂದು ಅವನಿಗೆ ಗೊತ್ತಿಲ್ಲ, ಆದರೆ ಆಟದ ನಿಯಮ ಗೊತ್ತಿದೆ. ಆದ್ದರಿಂದ ಮುಂದಿನದನ್ನು ಊಹಿಸಬಲ್ಲ, ಊಹೆ ಸರಿಯಾಯಿತೇ ಎಂದು ಕಾಯಬಲ್ಲ. ನಮ್ಮ ಪಾಠಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗಾಗಿರುತ್ತದೆ. ಫಲಿತಾಂಶವನ್ನು ಕಪ್ಪುಹಲಗೆಯ ಮೇಲೆ ಶೀರ್ಷಿಕೆಯಾಗಿಯೇ ಬರೆದುಬಿಡುತ್ತೇವೆ, ನಿಯಮವನ್ನು ಕೊನೆಯವರೆಗೂ ಸ್ಪಷ್ಟಪಡಿಸುವುದಿಲ್ಲ.

ಒಂದು ಪಾಠವನ್ನು ವಿವರವಾಗಿ ಹೇಳುತ್ತೇನೆ. ಸಿದ್ದಾಪುರದ ಕಡೆಯ ಒಂದು ಶಾಲೆಯಲ್ಲಿ ಪರಾಗಸ್ಪರ್ಶದ ಪಾಠವನ್ನು ನೋಡಲು ಕುಳಿತಿದ್ದೆ. ಅದೇ ಪಾಠವನ್ನು ನಾನು ಯುವಕನಾಗಿದ್ದಾಗ ‘ಪರಾಗಸ್ಪರ್ಶದಲ್ಲಿ ಎರಡು ವಿಧ, ಸ್ವಕೀಯ ಮತ್ತು ಪರಕೀಯ’ ಎಂದು ಆರಂಭಿಸಿ, ದಾಸವಾಳದ ಚಿತ್ರ ಬಿಡಿಸಿ, ಮಕ್ಕಳನ್ನು ನಿದ್ದೆಗೆ ಕಳುಹಿಸಿದ್ದೆ. ಈ ಶಿಕ್ಷಕಿ ಹಲಗೆಯ ಮೇಲೆ ಏನನ್ನೂ ಬರೆಯಲಿಲ್ಲ. ಮೇಜಿನ ಮೇಲೆ ಎರಡು ಕಾಫಿ ರೆಂಬೆಗಳನ್ನಿಟ್ಟು ಕೇಳಿದರು: “ಒಬ್ಬರದು ಅರೇಬಿಕಾ ತೋಟ, ಇನ್ನೊಬ್ಬರದು ರೋಬಸ್ಟಾ. ಹೂಮಳೆ ಬಂತು, ಎರಡೂ ತೋಟದಲ್ಲಿ ಹೂವು ಬಿರಿಯಿತು. ಹೂವು ಬಿರಿದ ದಿನವೇ ಮತ್ತೆ ಜೋರು ಮಳೆ ಹೊಯ್ಯಿತು. ಯಾರ ಮನೆಯಲ್ಲಿ ಚಿಂತೆ ಹೆಚ್ಚು?” ಪ್ರಶ್ನೆ ಕೇಳಿದ ಶಿಕ್ಷಕಿ ಕೈಕಟ್ಟಿ ನಿಂತರು.

ಆ ಮೌನ ನನಗೇ ಕಸಿವಿಸಿಯಾಗುವಷ್ಟು ದೀರ್ಘವಾಗಿತ್ತು. ಆಮೇಲೆ ಒಬ್ಬಳು ‘ಇಬ್ಬರಿಗೂ’ ಎಂದಳು. ಶಿಕ್ಷಕಿ ಸರಿ ಎನ್ನಲಿಲ್ಲ, ತಪ್ಪೂ ಎನ್ನಲಿಲ್ಲ, ಇನ್ನಷ್ಟು ಕಾದರು. ಹಿಂದಿನ ಬೆಂಚಿನಿಂದ, ಅದುವರೆಗೆ ಕಿಟಕಿಯ ಕಡೆಗೇ ತಿರುಗಿದ್ದ ಹುಡುಗನೊಬ್ಬ, “ನಮ್ಮ ತೋಟದಲ್ಲಿ ಹೂವಿನ ದಿನ ಮಳೆ ಬಂದ್ರೆ ರೈಟರು ಎಲ್ರಿಗೂ ಬೈತಾರೆ ಟೀಚರ್, ನಮ್ದು ರೋಬಸ್ಟಾ” ಎಂದ. ರೈಟರೆಂದರೆ ತೋಟದ ಕೆಲಸ ನೋಡಿಕೊಳ್ಳುವವರು. ತರಗತಿ ನಕ್ಕಿತು, ಆದರೆ ಆ ನಗು ಪಾಠದ ಒಳಗಿನದು. ಯಾಕೆ ಬೈಯುತ್ತಾರೆ ಎಂಬುದನ್ನು ಮಕ್ಕಳೇ ಹುಡುಕಲು ಹೊರಟರು. ಹೂವು ಕೊಳೆಯುತ್ತದೆ, ಉದುರುತ್ತದೆ, ಜೇನು ಬರುವುದಿಲ್ಲ ಎಂದು ಒಂದೊಂದೇ ಬಂತು. ಜೇನಿನ ಮಾತು ಬಂದ ಕೂಡಲೇ ಶಿಕ್ಷಕಿ ಎರಡನೆಯ ಪ್ರಶ್ನೆಯನ್ನಿಟ್ಟರು: “ಜೇನು ಬಾರದಿದ್ದರೆ ಅರೇಬಿಕಾಕ್ಕೆ ನಷ್ಟ ಇಲ್ಲವೇ?” ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು, ರೋಬಸ್ಟಾಕ್ಕೆ ತನ್ನದೇ ಗಿಡದ ಪರಾಗ ಒದಗುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯಿಂದಲೋ ಜೇನಿನಿಂದಲೋ ಬಂದು ಸೇರಬೇಕು, ಮಳೆ ಎರಡನ್ನೂ ಕೆಡಿಸುತ್ತದೆ. ಸ್ವಕೀಯ, ಪರಕೀಯ ಎಂಬ ಪದಗಳು ಹಲಗೆಯ ಮೇಲೆ ಬಂದದ್ದು ಪಾಠದ ಇಪ್ಪತ್ತೈದನೆಯ ನಿಮಿಷದಲ್ಲಿ. ಅಷ್ಟು ಹೊತ್ತಿಗೆ ಮಕ್ಕಳಿಗೆ ಆ ಪದಗಳ ಅಗತ್ಯ ಬಿದ್ದಿತ್ತು.

ಈ ಪಾಠದಲ್ಲಿ ಹಾಡಿರಲಿಲ್ಲ, ಉಪಕರಣವೆಂದರೆ ಎರಡು ರೆಂಬೆ. ಆದರೆ ಮನೆಯಲ್ಲಿ ಆ ಪ್ರಶ್ನೆಯನ್ನು ಕಟ್ಟಲು ತಮಗೆ ಒಂದು ಸಂಜೆ ಪೂರ್ತಿ ಬೇಕಾಯಿತು ಎಂದು ಅವರು ನಂತರ ಹೇಳಿದರು. ನಿಮ್ಮ ಪಾಠ ಟಿಪ್ಪಣಿಯ ಸಮಯವನ್ನು ಖರ್ಚು ಮಾಡಬೇಕಾದ ಜಾಗ ಇದೇ. ಪಾಠಕ್ಕೊಂದು ಪ್ರಶ್ನೆ ಸಾಕು. ಅದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಸಾಧ್ಯವೆಂದು ಕಾಣಬೇಕು, ಊಹೆ ಮಾಡುವಷ್ಟು ಸಂಗತಿ ಮಗುವಿನ ಬಳಿ ಇರಬೇಕು, ಮತ್ತು ಆ ದಿನ ಕಲಿಸಬೇಕಾದ ವಿಷಯವಿಲ್ಲದೆ ಅದು ಬಗೆಹರಿಯಬಾರದು. ಕೊನೆಯದು ಬಹಳ ಮುಖ್ಯ. ಆ ನಿಬಂಧನೆಯನ್ನು ಬಿಟ್ಟರೆ ಪ್ರಶ್ನೆಯೂ ಚಟಾಕಿಯ ಜಾತಿಗೇ ಸೇರುತ್ತದೆ.

ಇನ್ನು ಆ ಮೌನದ ವಿಷಯ. ಅಮೆರಿಕದ ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದ ಮೇರಿ ಬಡ್ ರೋವ್, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು 1970ರ ದಶಕದಲ್ಲಿ ತೋರಿಸಿಕೊಟ್ಟರು. ಅದನ್ನು ಮೂರು ಸೆಕೆಂಡಿಗೆ ಅಥವಾ ಅದಕ್ಕೂ ಮುಂದಕ್ಕೆ ಒಯ್ದಾಗ ಮಕ್ಕಳ ಉತ್ತರಗಳು ಉದ್ದವಾದವು, ಕೇಳದೆಯೇ ಮಾತನಾಡುವವರು ಹೆಚ್ಚಿದರು, ಹಿಂದೆ ಉಳಿದವರೆಂದು ಎಣಿಸಿದ್ದ ಮಕ್ಕಳೂ ಬಾಯಿ ತೆರೆದರು. ಅವರು ಗಮನಿಸಿದ ಜಾಗ ಎರಡು: ಪ್ರಶ್ನೆಯ ನಂತರ, ಮತ್ತು ಮಗು ಉತ್ತರ ಕೊಟ್ಟ ನಂತರ. ಎರಡನೆಯದನ್ನು ನಾವು ಮರೆಯುತ್ತೇವೆ. ಮೊದಲ ಸರಿಯುತ್ತರಕ್ಕೆ ನಾವು ‘ಭೇಷ್’ ಎಂದ ಕ್ಷಣದಲ್ಲಿ ಉಳಿದ 25 ಮಕ್ಕಳ ಯೋಚನೆ ನಿಂತುಹೋಗುತ್ತದೆ. ಪ್ರಶ್ನೆ ಕೇಳಿ ಮನಸ್ಸಿನಲ್ಲಿ ನಿಧಾನವಾಗಿ ನಾಲ್ಕರವರೆಗೆ ಎಣಿಸಿ. ಮೊದಲ ವಾರ ಕೈಕಾಲು ಆಡದಂತೆ ಅನ್ನಿಸುತ್ತದೆ, ನಾನೂ ಅನುಭವಿಸಿದ್ದೇನೆ. ಆ ಮೌನವನ್ನು ತುಂಬಲು ನಾಲಿಗೆ ತುರಿಸುತ್ತದೆ. ಬಳಪದ ಚೂರೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರೆ ಸ್ವಲ್ಪ ಸುಲಭ.

ಎಲ್ಲಿಂದ ಆರಂಭಿಸಬೇಕೆಂಬ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಪಕ್ಕದ ತರಗತಿಯಿಂದ. ಆ ಹಿರಿಯರ ಅನುಮತಿ ಕೇಳಿ, ವಾರಕ್ಕೊಂದು ಅವಧಿ ಅಲ್ಲಿ ಕುಳಿತುಕೊಳ್ಳಿ. ಹಿಂದಿನ ಬೆಂಚಿನಲ್ಲಿ ಮಾತ್ರ ಕೂರಬೇಡಿ. ತಪಾಸಣೆಗೆ ಬಂದ ನಾವೆಲ್ಲ ಹಿಂದೆ ಕುಳಿತು ಮಕ್ಕಳ ಕತ್ತನ್ನೂ ಶಿಕ್ಷಕರ ಮುಖವನ್ನೂ ನೋಡಿ ವರದಿ ಬರೆದವರೇ. ಹಲಗೆಯ ಬದಿಯಲ್ಲಿ, ಮಕ್ಕಳ ಮುಖ ಕಾಣುವಂತೆ ಕುಳಿತು, ಇಬ್ಬರು ಮೂವರು ಮಕ್ಕಳನ್ನು ಮಾತ್ರ ಆರಿಸಿಕೊಂಡು, ಅವರ ಕಣ್ಣು ಯಾವಾಗ ಪಾಠಕ್ಕೆ ಬಂತು, ಯಾವಾಗ ಬಿಟ್ಟುಹೋಯಿತು, ಆ ಗಳಿಗೆಯಲ್ಲಿ ಶಿಕ್ಷಕರು ಏನು ಮಾಡುತ್ತಿದ್ದರು ಎಂದು ಗುರುತು ಹಾಕಿಕೊಳ್ಳಿ. ಅವರ ತಗ್ಗಿದ ದನಿಗೆ ತರಗತಿ ಯಾಕೆ ಕಿವಿಗೊಡುತ್ತದೆಂಬುದು ಎರಡು ಮೂರು ವಾರಗಳಲ್ಲಿ ತಾನಾಗಿ ಗೊತ್ತಾಗುತ್ತದೆ. ನನ್ನ ಊಹೆಯೆಂದರೆ, ಅವರು ಹೇಳಿದ್ದನ್ನು ಎರಡನೆಯ ಸಲ ಹೇಳುವುದಿಲ್ಲ.

ಅದರ ಜೊತೆಗೆ ನಿಮ್ಮದೇ ಪಾಠವೊಂದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ರಾತ್ರಿ ಒಬ್ಬರೇ ಕೇಳಿ. ಹಿತವಾದ ಕೆಲಸವಲ್ಲ, ನಮ್ಮ ದನಿ ನಮಗೇ ಸಹಿಸುವುದಿಲ್ಲ. ನೀವು ಕೇಳಿದ ಪ್ರಶ್ನೆಗಳೆಷ್ಟು, ಅವುಗಳಲ್ಲಿ ‘ಅರ್ಥವಾಯಿತೇ’ ಎಂಬವೆಷ್ಟು, ಉತ್ತರವನ್ನು ನೀವೇ ಹೇಳಿದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಗೀಟು ಎಳೆಯುತ್ತಾ ಹೋಗಿ. ಬಿ.ಎಡ್.ನಲ್ಲಿ ನಾವೆಲ್ಲ ಮಾಡಿದ ಸೂಕ್ಷ್ಮ ಬೋಧನೆ 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದಾಗ ಅದರ ಜೀವಾಳವಿದ್ದದ್ದು ಪುನರ್ಬೋಧನೆಯಲ್ಲಿ: ಪುಟ್ಟ ಪಾಠ ಮಾಡುವುದು, ಅದರ ಬಗ್ಗೆ ಕೇಳಿಸಿಕೊಳ್ಳುವುದು, ತಿದ್ದಿ ಅದನ್ನೇ ಮತ್ತೆ ಮಾಡುವುದು. ನಮ್ಮಲ್ಲಿ ಅದು ದಾಖಲೆ ಪುಸ್ತಕ ತುಂಬಿಸುವ ಶಾಸ್ತ್ರವಾಗಿ ಹೋಯಿತೆಂಬ ಬೇಸರ ನನಗಿದೆ, ಆ ಶಾಸ್ತ್ರಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ನಿಮ್ಮ ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಯಲ್ಲಿ ಹತ್ತು ನಿಮಿಷ ಸಿಕ್ಕಿದರೆ ಅಥವಾ ಕೂಡಿಗೆಯ ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ತರಬೇತಿಗೆ ಹೋದಾಗ, ಒಂದೇ ಪ್ರಶ್ನೆಯನ್ನು ಸಹೋದ್ಯೋಗಿಗಳ ಮುಂದಿಟ್ಟು ‘ಇದನ್ನು ಇನ್ನೂ ಹೇಗೆ ಕೇಳಬಹುದು’ ಎಂದು ಚರ್ಚಿಸಿ. ನಮ್ಮ ಗಡಿಗೆ ತಾಗಿಕೊಂಡಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ‘ನಲಿ ಕಲಿ’ ಎಂಬ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ ರೂಪುಗೊಂಡದ್ದು ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಒಟ್ಟಿಗೆ ಕುಳಿತು ಕಲಿಕೆಯ ಕಾರ್ಡುಗಳನ್ನು ತಾವೇ ಬರೆದದ್ದರಿಂದ. ನೋಡುವುದು, ಮಾಡುವುದು, ಮತ್ತೊಬ್ಬರೊಡನೆ ಕುಳಿತು ತಿದ್ದುವುದು, ಈ ಮೂರೂ ಅಲ್ಲಿದ್ದವು.

ಲೈನ್‌ಮನೆಯ ಮಕ್ಕಳ ಮೌನವನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ಅದರಲ್ಲಿ ಅರ್ಧ ಭಾಷೆಯ ಮೌನ. ನಿಮ್ಮ ತರಗತಿಯಲ್ಲಿ ತಮಿಳು, ಮಲಯಾಳಂ, ಯರವ ನುಡಿ, ಕೊಡವ ತಕ್ಕ್, ಅರೆಭಾಷೆ, ತುಳು ಇವುಗಳಲ್ಲಿ ನಾಲ್ಕಾದರೂ ಇದ್ದೀತು. ಈಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಇರಬಹುದು. ಇಂಥ ಮಗು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಮನೆಮಾತಿನಲ್ಲಿ ಯೋಚಿಸಿ, ಕನ್ನಡಕ್ಕೆ ತಿರುಗಿಸಿ, ನಗೆಪಾಟಲಾಗದಂತೆ ಹೇಳಬೇಕು. ಒಂದು ಸೆಕೆಂಡಿನಲ್ಲಿ ಅದು ಆಗುವ ಕೆಲಸವಲ್ಲ. ಪ್ರಶ್ನೆ ಕೇಳಿದ ಮೇಲೆ ಪಕ್ಕದವರೊಡನೆ ಯಾವ ಭಾಷೆಯಲ್ಲಾದರೂ ಒಂದು ನಿಮಿಷ ಮಾತಾಡಿಕೊಳ್ಳಲು ಬಿಡಿ, ಆಮೇಲೆ ಕನ್ನಡದಲ್ಲಿ ಹೇಳಿಸಿ. ನೀರಿನ ಪಾಠದ ದಿನ ಹಲಗೆಯ ಮೂಲೆಯಲ್ಲಿ ನೀರು, ತಣ್ಣಿ, ವೆಳ್ಳಂ ಎಂದು ಬರೆದು, ಉಳಿದವರ ಮನೆಯ ಪದಗಳನ್ನೂ ಅವರಿಂದಲೇ ಕೇಳಿ ಸೇರಿಸಿದರೆ ಎರಡು ನಿಮಿಷ ಹೋಗುತ್ತದೆ. ಆ ಎರಡು ನಿಮಿಷ ನಷ್ಟವಾದದ್ದನ್ನು ನಾನು ಕಂಡಿಲ್ಲ.

ಮಳೆಗಾಲದ ಕಿಟಕಿಯ ಬಗ್ಗೆ ಬರೆದಿದ್ದೀರಿ. ಅದನ್ನು ಅವಿಧೇಯತೆಯೆಂದು ಎಣಿಸುವ ಮೊದಲು ಆ ಮಗು ಯಾವ ಊರಿನದೆಂದು ಕೇಳಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಮೇಲೆ, ಇಳಿಜಾರಿನಲ್ಲಿ ಮನೆಯಿರುವ ಕುಟುಂಬಗಳು ಮಳೆಯ ಸದ್ದನ್ನು ಕೇಳುವ ರೀತಿಯೇ ಬದಲಾಗಿದೆ, ದೊಡ್ಡವರ ದಿಗಿಲು ಮಕ್ಕಳಿಗೆ ಇಳಿದು ಬರುತ್ತದೆ. ಅಂಥ ಮಗುವಿನ ಹತ್ತಿರ ಹೋಗಿ ನಿಂತರೆ ಸಾಕು, ಹೆಸರು ಹಿಡಿದು ಕರೆದು ನಿಲ್ಲಿಸಬೇಡಿ. ಉಳಿದಂತೆ, ಶೀಟಿನ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ಯಾವ ಶಿಕ್ಷಕರ ದನಿಯೂ ಕೇಳಿಸುವುದಿಲ್ಲ. ಅದಕ್ಕೆ ಎದುರಾಗಿ ಕಿರುಚಿ ಗಂಟಲು ಕೆಡಿಸಿಕೊಳ್ಳುವುದಕ್ಕಿಂತ, ಮಾತಿಲ್ಲದೆ ನಡೆಯುವ ನಾಲ್ಕೈದು ಪಾಠಗಳನ್ನು ಜೂನ್ ತಿಂಗಳಲ್ಲಿಯೇ ಸಿದ್ಧಮಾಡಿ ಇಟ್ಟುಕೊಳ್ಳುವುದು ಮೇಲು. ಹಲಗೆಯ ಮೇಲೆ ಅರ್ಧ ಬಿಡಿಸಿದ ಲೆಕ್ಕ, ಇಬ್ಬಿಬ್ಬರಾಗಿ ಮುಗಿಸುವುದು. ತಪ್ಪಿರುವ ಚಿತ್ರ, ತಪ್ಪು ಹುಡುಕುವುದು, ಹೀಗೆ.

ಮರುದಿನ ನೆನಪಿರುವುದಿಲ್ಲ ಎಂಬುದಕ್ಕೆ ಬೇರೊಂದು ಮದ್ದೂ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಎರಡನೆಯ ಸಲ ಓದಿದರು, ಉಳಿದವರು ಓದದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದದ್ದು ಸುಮಾರು ಶೇ. 42, ನೆನಪಿನಿಂದ ಬರೆದವರಿಗೆ ಶೇ. 56. ಆದ್ದರಿಂದ ಪ್ರತಿ ಅವಧಿಯ ಮೊದಲ ಐದು ನಿಮಿಷ, ಪುಸ್ತಕ ಮುಚ್ಚಿಸಿ, ನಿನ್ನೆಯದರ ಮೇಲೆ ಎರಡು ಮತ್ತು ಕಳೆದ ವಾರದ್ದರ ಮೇಲೆ ಒಂದು ಪ್ರಶ್ನೆಗೆ ಎಲ್ಲರಿಂದಲೂ ಬರೆಸಿ. ಅಂಕ ಕೊಡಬೇಡಿ, ಅಂಕ ಕೊಟ್ಟ ಕೂಡಲೇ ನಕಲು ಶುರುವಾಗುತ್ತದೆ. ಕಾಫಿ ಕುಯ್ಯುವ ತಿಂಗಳುಗಳಲ್ಲಿ ಹಾಜರಿ ಕುಸಿದಾಗಲೂ ಈ ಐದು ನಿಮಿಷವೇ, ಬಿಟ್ಟುಹೋಗಿ ಮರಳಿದ ಮಗುವಿಗೆ ಒಳಗೆ ಬರಲು ಬಾಗಿಲಾಗುತ್ತದೆ. ವಿಡಿಯೊ ತೋರಿಸುವುದಾದರೆ ನಡುವೆ ನಿಲ್ಲಿಸಿ ‘ಮುಂದೇನಾಗುತ್ತದೆ’ ಎಂದು ಕೇಳಿ; ಹಾಗೆ ನಿಲ್ಲಿಸಲು ಜಾಗವೇ ಇಲ್ಲದ ವಿಡಿಯೊವನ್ನು ತೋರಿಸದಿದ್ದರೂ ನಡೆಯುತ್ತದೆ.

ಎಲ್ಲ ಪಾಠಗಳನ್ನೂ ಒಮ್ಮೆಲೇ ಬದಲಾಯಿಸಲು ಹೋಗಬೇಡಿ, ಪಠ್ಯಕ್ರಮ ಮುಗಿಸುವ ಒತ್ತಡದಲ್ಲಿ ಅದು ಸಾಧ್ಯವೂ ಇಲ್ಲ. ವಾರಕ್ಕೊಂದು ಪಾಠ ಸಾಕು, ಅದರಲ್ಲಿ ಮೊದಲನೆಯದನ್ನು ಮಳೆಯಿಂದಲೇ ಮಾಡಬಹುದು. ನಿಮ್ಮ ಮಕ್ಕಳ ತಂದೆತಾಯಿ ಕೆಲಸ ಮಾಡುವ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿರುತ್ತದೆ, ಇಲ್ಲಿ ಸೆಂಟೆಂದರೆ ಇಂಚಿನ ನೂರರಲ್ಲಿ ಒಂದು ಭಾಗ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ನೀರು ಬಿದ್ದಂತೆ, 5,000 ಲೀಟರಿನ ಟ್ಯಾಂಕರಿನಲ್ಲಿ ತಂದು ಹಾಕಬೇಕಾದರೆ ಎಷ್ಟು ಟ್ಯಾಂಕರ್ ಬೇಕು ಎಂದು ಮೊದಲು ಊಹೆ ಬರೆಸಿ. ನಾನು ಕೇಳಿದಲ್ಲೆಲ್ಲ ಒಂದು, ಎರಡು ಎಂಬ ಊಹೆಗಳೇ ಹೆಚ್ಚು. ಆಮೇಲೆ ಎಕರೆಗೆ 4,047 ಚದರ ಮೀಟರ್, ಇಂಚಿಗೆ 25.4 ಮಿಲಿಮೀಟರ್ ಎಂದು ಕೊಟ್ಟು ಗುಣಿಸಲು ಬಿಡಿ. ಒಂದು ಲಕ್ಷ ಎರಡು ಸಾವಿರದ ಎಂಟುನೂರು ಲೀಟರಿನ ಹತ್ತಿರ ಬರುತ್ತದೆ, ಇಪ್ಪತ್ತು ಟ್ಯಾಂಕರಿಗೂ ಮಿಕ್ಕಿ.

ನಂತರ ಅಳೆಯಲು ಹೊರಡಿ. ಬದಿ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಬೋರಲು ಹಾಕಿ ಆಲಿಕೆ ಮಾಡಿ. ತಳ ಡೊಂಕಾಗಿದ್ದರೆ ಸಣ್ಣ ಕಲ್ಲು ತುಂಬಿ, ನೇರವಾದ ಭಾಗ ಆರಂಭವಾಗುವವರೆಗೆ ನೀರು ಹಾಕಿ, ಅಲ್ಲಿಂದ ಸ್ಕೇಲು ಅಂಟಿಸಿ. ಸಿಲ್ವರ್ ಓಕ್ ಮರದ ಹನಿಯಾಗಲೀ ಮಾಡಿನ ನೀರಾಗಲೀ ಬೀಳದ ಜಾಗದಲ್ಲಿಡಿ. ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಿಗ್ಗೆ ಎಂಟೂವರೆಗೆ ಎಂಟೂವರೆ. ನಿಮ್ಮದು ಪ್ರಾರ್ಥನೆಗೆ ಮೊದಲು ಎಂದಿಟ್ಟುಕೊಂಡರೂ ಸರಿ, ದಿನವೂ ಅದೇ ಹೊತ್ತಾಗಿರಬೇಕು. ಕಿಟಕಿಯ ಕಡೆ ಕೂರುವವರಿಗೇ ಅಳತೆಯ ಸರದಿ ಮೊದಲು ಕೊಡಿ, ಪುಸ್ತಕದಲ್ಲಿ ಎರಡು ಕಾಲಂ ಹಾಕಿಸಿ, ಒಂದರಲ್ಲಿ ಮಿಲಿಮೀಟರ್, ಇನ್ನೊಂದರಲ್ಲಿ ಇಂಚು. ಸಂಜೆ ಮನೆಗೆ ಹೋದವರು ತೋಟದ ಆಫೀಸಿನ ಲೆಕ್ಕವನ್ನು ಕೇಳಿಕೊಂಡು ಬರುತ್ತಾರೆ, ಎರಡು ಲೆಕ್ಕಗಳೂ ಹೊಂದುವುದಿಲ್ಲ, ಯಾಕೆ ಹೊಂದಲಿಲ್ಲ ಎಂಬುದು ನಿಮ್ಮ ಎರಡನೆಯ ವಾರದ ಪಾಠ.